ಸಾಕು ಎಂಬ ಅಲಂಕಾರ: ನಾಯಿಗಾಗಿ ಕಟ್ಟಿದ ಒಂದು ಗೇಟಿನ ಓದು

ನಮ್ಮ ಊರುಗಳ ಗೇಟುಗಳ ಮೇಲೆ ಹೆಚ್ಚಾಗಿ ಕಾಣುವ ಬರಹ ‘ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ’ ಎಂಬುದು. ಅದರ ನಂತರದ ಸ್ಥಾನ ಬಹುಶಃ ‘ನಾಯಿ ಇದೆ, ಎಚ್ಚರಿಕೆ’ಗೆ ಸಲ್ಲುತ್ತದೆ. ಈ ಎರಡನೆಯ ವಾಕ್ಯಕ್ಕೆ ವಯಸ್ಸು ಕಡಿಮೆಯೇನಲ್ಲ. ಇಟಲಿಯ ಪಾಂಪೆ ನಗರದ ಅವಶೇಷಗಳಲ್ಲಿ, ಇಂದು ‘ದುರಂತ ಕವಿಯ ಮನೆ’ ಎಂದು ಕರೆಯಲಾಗುವ ಮನೆಯ ಬಾಗಿಲ ನೆಲದಲ್ಲಿ ಸರಪಳಿ ಕಟ್ಟಿದ ಕಪ್ಪು ನಾಯಿಯೊಂದರ ಚಿತ್ರವನ್ನು ಸಣ್ಣ ಕಲ್ಲುಗಳನ್ನು ಜೋಡಿಸಿ ಮಾಡಿದ್ದಾರೆ. ಕೆಳಗೆ ಲ್ಯಾಟಿನ್ ಭಾಷೆಯಲ್ಲಿ ಇದೇ ಎಚ್ಚರಿಕೆ ಇದೆ. ಅಲ್ಲಾಗಲಿ ಇಲ್ಲಾಗಲಿ, ವಾಕ್ಯ ಮಾತಾಡುವುದು ಹೊರಗೆ ನಿಂತವನೊಡನೆ. ನಾಯಿ ಮನೆಯನ್ನು ಕಾಯುತ್ತದೆ, ಗೇಟು ನಾಯಿಯಿಂದ ನಿಮ್ಮನ್ನು ಕಾಯುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ಗೇಟು ನಾಯಿಯನ್ನೇ ಕಾಯಬೇಕಾಗಿ ಬಂದಾಗ ಬರೆಯಲು ನಮ್ಮಲ್ಲಿ ಸಿದ್ಧ ಬೋರ್ಡು ಇಲ್ಲ. ನಾನು ಇಲ್ಲಿ ಓದಲು ಹೊರಟಿರುವುದು ಅಂಥದೊಂದು ಗೇಟನ್ನು.

ಸಾಹಿತ್ಯದ ವಿದ್ಯಾರ್ಥಿಗೆ ಗೇಟಿನ ಉಸಾಬರಿ ಯಾಕೆ ಎಂದು ಕೇಳಬಹುದು. ನನ್ನ ಪಿಎಚ್.ಡಿ. ಅಧ್ಯಯನದ ವಿಷಯ ಅಲಂಕಾರ. ನಾಲ್ಕು ವರ್ಷಗಳಿಂದ ಆ ಪದದ ಹಿಂದೆ ಬಿದ್ದಿದ್ದೇನೆ. ನಮ್ಮ ಕಾವ್ಯಮೀಮಾಂಸಕರು ಕವಿತೆಯ ಬಗ್ಗೆ ಮಾತಾಡಲು ಬಳೆ, ಹಾರ, ಡಾಬುಗಳನ್ನು ಎರವಲು ಪಡೆದವರು. ಕವಿತೆಯನ್ನು ವಿವರಿಸಲು ವಸ್ತುಗಳು ಬೇಕಾದರೆ, ವಸ್ತುವೊಂದನ್ನು ನೋಡಲು ಕಾವ್ಯಮೀಮಾಂಸೆಯನ್ನು ತಿರುಗಿಸಿ ಬಳಸುವುದರಲ್ಲಿ ತಪ್ಪಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು: ನಾಯಿಯ ಸುರಕ್ಷತೆಗಾಗಿ ಮಾಡಿದ ಚೆಂದದ ಗೇಟಿನಲ್ಲಿ ಚೆಂದಕ್ಕೂ ಸುರಕ್ಷತೆಗೂ ನಡುವೆ ಗೆರೆ ಎಳೆಯಲು ಬರುವುದಿಲ್ಲ. ಅಲಂಕಾರವನ್ನು ಯಾವ ಕಡೆಯಿಂದ ನೋಡಿ ಬೆಲೆ ಕಟ್ಟಬೇಕು ಎಂಬ ಪ್ರಶ್ನೆಗೆ ಆ ಗೇಟು ಕೊಡುವ ಉತ್ತರ ಕವಿತೆ ಓದುವವರಿಗೂ ಉಪಯೋಗಕ್ಕೆ ಬರುತ್ತದೆ.

*

ಮೊದಲು ಪದಗಳನ್ನು ನೋಡೋಣ. ‘ಗೇಟು’ ಕನ್ನಡಕ್ಕೆ ಬಂಗಲೆಯ ಜೊತೆ ಬಂದ ಪದ. ಅದಕ್ಕೂ ಮುಂಚೆ ತೋಟ, ಗದ್ದೆ, ಅಂಗಳಗಳ ಬಾಯಿಗೆ ನಮ್ಮಲ್ಲಿ ಬೇರೆ ಬೇರೆ ಹೆಸರುಗಳಿದ್ದವು, ಈಗಲೂ ಇವೆ. ಮಲೆನಾಡಿನ ಉಣುಗೋಲು, ಉತ್ತರ ಕನ್ನಡದ ದಣಪೆ, ದಾಟಿ ಹೋಗಲು ಮಾಡಿದ ತಡಮೆ ಅಥವಾ ತಡಬೆ. ಉಣುಗೋಲೆಂದರೆ ಎರಡು ಕಂಬಗಳ ತೂತಿನಲ್ಲಿ ಅಡ್ಡಲಾಗಿ ಸೇರಿಸಿದ ಗಳುಗಳು. ಬೇಕಾದಾಗ ಸರಿಸಿ ದಾಟುವುದು, ಮತ್ತೆ ಎಳೆದಿಡುವುದು. ಇವೆಲ್ಲ ದನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಗಳು ಗಳುಗಳ ನಡುವಿನ ಅಂತರ ಹಸುವಿನ ಎದೆಯ ಅಳತೆಯದು. ನಾಯಿ ಅದರ ಕೆಳಗೆ ತಲೆ ತಗ್ಗಿಸುವ ಕಷ್ಟವನ್ನೂ ಪಡದೆ ಆಚೆ ಹೋಗುತ್ತದೆ. ನಾಯಿಯನ್ನು ಒಳಗಿಡಬೇಕು ಎಂಬ ಯೋಚನೆಯೇ ಈ ಪದಗಳೊಳಗೆ ಇಲ್ಲ. ಹಟ್ಟಿಗೆ ಕಟ್ಟುವುದು ದನವನ್ನು, ಕೊಟ್ಟಿಗೆಗೆ ಬಾಗಿಲು ಹುಲಿಯ ಭಯದಿಂದ. ನಾಯಿ ಜಗಲಿಯ ಕೆಳಗಿನದು, ಯಜಮಾನನ ಹಿಂದೆ ಹೋಗುವುದು.

ನಮ್ಮ ಕಾದಂಬರಿಗಳ ನಾಯಿಗಳೂ ಹೀಗೇ ಬಾಗಿಲಿಲ್ಲದ ನಾಯಿಗಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಗುತ್ತಿಯ ಜೊತೆಗೇ ನೆನಪಾಗುವುದು ಹುಲಿಯ. ಗುತ್ತಿಗೆ ನಾಯಿಗುತ್ತಿ ಎಂಬ ಹೆಸರೇ ಅಂಟಿಕೊಳ್ಳುವಷ್ಟು ಅವರಿಬ್ಬರದು ಒಂದೇ ನಡಿಗೆ. ಕಾಡಿನ ದಾರಿಯುದ್ದಕ್ಕೂ ಗುತ್ತಿಯ ಎಚ್ಚರವನ್ನು ಅರ್ಧ ಹೊತ್ತದ್ದು ಆ ನಾಯಿ. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯಲ್ಲಿ ಅದು ಕೊಚ್ಚಿಹೋಗುತ್ತದೆ. ಆ ಪುಟಗಳನ್ನು ಓದುವಾಗ ಮನಸ್ಸು ಹಿಡಿದುಕೊಳ್ಳಲು ಏನನ್ನಾದರೂ ಹುಡುಕುತ್ತದೆ. ಆದರೆ ಆ ಲೋಕದಲ್ಲಿ ಹುಲಿಯನನ್ನು ಈ ದಡದಲ್ಲಿ ನಿಲ್ಲಿಸಬಹುದಾದ ಯಾವ ಬೇಲಿಯೂ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಿವಿ ಬೇರೆ ಬಗೆಯದು. ‘ಕರ್ವಾಲೊ’ದಲ್ಲಿ ಅದು ನಿರೂಪಕನ ಜೊತೆಗಾರ, ತನ್ನದೇ ಕುತೂಹಲ ಮತ್ತು ಪೆದ್ದುತನಗಳಿರುವ ಪ್ರಾಣಿ. ಆದರೆ ಕಿವಿಯೂ ತೋಟ ಮತ್ತು ಕಾಡುಗಳ ನಡುವೆ ಯಾರನ್ನೂ ಕೇಳದೆ ಓಡಾಡುವ ನಾಯಿಯೇ.

ಬಾಗಿಲೂ ನಾಯಿಯೂ ಮುಖಾಮುಖಿಯಾಗುವ ದೊಡ್ಡ ಕತೆ ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿದೆ. ಉಳಿದವರೆಲ್ಲ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಇಂದ್ರನು ರಥ ತಂದು, ನಾಯಿಯನ್ನು ಬಿಟ್ಟು ಬಾ, ಸ್ವರ್ಗದಲ್ಲಿ ಅದಕ್ಕೆ ಜಾಗವಿಲ್ಲ ಎನ್ನುತ್ತಾನೆ. ಧರ್ಮರಾಯ ಒಪ್ಪುವುದಿಲ್ಲ. ಕನ್ನಡದಲ್ಲಿ ಭಾರತವೆಂದರೆ ಗದುಗಿನ ಭಾರತ ಎಂದುಕೊಂಡವರಿಗೆ ಈ ಪ್ರಸಂಗ ಅಲ್ಲಿ ಸಿಗುವುದಿಲ್ಲ. ಕುಮಾರವ್ಯಾಸ ಬರೆದದ್ದು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು. ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ನನಗೆ ಈ ಕತೆಯಲ್ಲಿ ಮುಖ್ಯವೆನಿಸುವುದು ನಿಷ್ಠೆಯ ದಿಕ್ಕು. ನಾಯಿ ಮನುಷ್ಯನನ್ನು ಬಿಡದ ಕತೆಗಳು ಲೆಕ್ಕವಿಲ್ಲದಷ್ಟಿವೆ. ಇಲ್ಲಿ ಮನುಷ್ಯನೊಬ್ಬ, ಬಾಗಿಲ ಮುಂದೆ ನಿಂತು, ನಾಯಿಯನ್ನು ಬಿಡುವುದಿಲ್ಲ. ಆ ನಾಯಿ ಯಮಧರ್ಮ ಎಂದು ಕತೆ ಆಮೇಲೆ ತಿಳಿಸುತ್ತದೆ. ಧರ್ಮರಾಯ ಹಟ ಹಿಡಿದಾಗ ಅವನಿಗೆ ಅದು ಬರೀ ನಾಯಿಯಾಗಿತ್ತು. ಅವನ ಮಾತಿಗೆ ತೂಕ ಬರುವುದು ಅದರಿಂದಲೇ.

ಕನ್ನಡದ ನೆಲದಲ್ಲಿ ನಾಯಿಯೊಂದಕ್ಕೆ ಸಂದ ದೊಡ್ಡ ಗೌರವ ಕಲ್ಲಿನಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ 949–50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸಂಗತಿಯಿಂದಾಗಿ ಇತಿಹಾಸಕಾರರು ಅದನ್ನು ಓದುತ್ತಾರೆ. ಆದರೆ ಕಲ್ಲು ನಿಂತದ್ದು ಕಾಳಿ ಎಂಬ ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯನು ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಆ ಬೇಟೆನಾಯಿಯನ್ನು. ಆಮೇಲೆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ಹಂದಿ ಮತ್ತು ನಾಯಿಯ ಕಾದಾಟದ ಕೆತ್ತನೆ ಇದೆ. ಪೂಜೆಗಾಗಿ ಭೂಮಿ ಬಿಟ್ಟಿದ್ದಾರೆ. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪ ತಗಲುತ್ತದೆಂದೂ ಬರೆದಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರನ್ನು ಬರೆದು, ಅದು ಅಳಿಯದಂತೆ ಏರ್ಪಾಡು ಮಾಡಿದ ಭಾಷೆ ನಮ್ಮದು ಎಂಬುದು ನನಗೆ ಹೆಮ್ಮೆಯ ವಿಷಯ.

ಆದರೂ ಹುಲಿಯ, ಕಾಳಿ ಇವರನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾದರಿ ಕಾಣುತ್ತದೆ. ನಾಯಿ ನಮ್ಮ ನೆನಪಿಗೆ ಪೂರ್ತಿಯಾಗಿ ಬರುವುದು ಸತ್ತ ಮೇಲೆ. 2022ರಲ್ಲಿ ನಾಡಿಗೆ ನಾಡೇ ಕಣ್ಣೀರು ಹಾಕಿ ನೋಡಿದ ‘777 ಚಾರ್ಲಿ’ ಸಿನಿಮಾವೂ ಇದೇ ದಾರಿಯದು. ನಾಯಿಯ ನಿಷ್ಠೆಯನ್ನು ಹೇಳಲು ನಮಗೆ ಅದರ ಸಾವು ಬೇಕಾಗಿದೆ. ಸಾಯದಂತೆ ನೋಡಿಕೊಳ್ಳುವ ದಿನನಿತ್ಯದ ಕೆಲಸಕ್ಕೆ, ಅಂದರೆ ಚಿಲಕ ಹಾಕುವುದಕ್ಕೆ, ಸಂದಿ ಮುಚ್ಚುವುದಕ್ಕೆ ಕಾವ್ಯದಲ್ಲಿ ಜಾಗ ಸಿಕ್ಕಿಲ್ಲ. ವೀರಗಲ್ಲು ಆದದ್ದನ್ನು ಹೇಳುತ್ತದೆ. ಗೇಟಿನ ಕೆಲಸ ಏನೂ ಆಗದಂತೆ ನೋಡಿಕೊಳ್ಳುವುದು. ಏನೂ ಆಗದೆ ಇದ್ದದ್ದರ ಕತೆಯನ್ನು ಹೇಳುವುದು ಕಷ್ಟ. ಅದಕ್ಕೇ ನಾನು ಕತೆಯನ್ನು ಬಿಟ್ಟು ಗೇಟನ್ನೇ ನೋಡಬೇಕೆನ್ನುತ್ತಿರುವುದು.

*

ನಾನು ಓದುತ್ತಿರುವ ಗೇಟು ಇರುವುದು ಮೈಸೂರಿನ ಹೊರವಲಯದ ಬಡಾವಣೆಯೊಂದರಲ್ಲಿ, ನನ್ನ ಅಪ್ಪ-ಅಮ್ಮನ ಮನೆಯ ಮುಂದೆ. ಮನೆಗೂ ರಸ್ತೆಗೂ ನಡುವೆ ಹನ್ನೆರಡು ಅಡಿಯ ಕೈತೋಟ. ದಾಸವಾಳ, ದೊಡ್ಡಪತ್ರೆ, ಒಂದು ಸೀಬೆ ಗಿಡ. ರಸ್ತೆಯಲ್ಲಿ ಮರಳಿನ ಟಿಪ್ಪರ್‌ಗಳು. ಬೀದಿಯಿಂದ ಬಂದು ಮನೆಯದಾದ ಚಿಕ್ಕಿ ಎಂಬ ಹೆಣ್ಣುಮರಿಗೆ ಆಗ ಮೂರು ತಿಂಗಳು. ಹಳೆಯ ಗೇಟು ಬಡಾವಣೆಯ ಎಲ್ಲ ಗೇಟುಗಳ ಹಾಗೆ: ಐದು ಇಂಚಿಗೊಂದು ನೆಟ್ಟನೆಯ ಸರಳು, ತುದಿಯಲ್ಲಿ ಈಟಿಯ ಮೊನೆ, ಕೆಳಗೆ ಇಳಿಜಾರಿನ ಕಡೆ ಒಂದು ಗೇಣು ಸಂದಿ. ಮರಿಗೆ ಅದು ಗೇಟೇ ಆಗಿರಲಿಲ್ಲ.

ಏನು ಮಾಡಬೇಕೆಂಬುದರ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಾದವು. ಅಪ್ಪನದು ತಗಡಿನ ಪಕ್ಷ: ಇಡೀ ಗೇಟಿಗೆ ಶೀಟು ಹೊಡೆಸಿಬಿಟ್ಟರೆ ಕತೆ ಮುಗಿಯಿತು. ಅಮ್ಮನದು ಬಳ್ಳಿಯ ಪಕ್ಷ: ಗೇಟು ಹೊಸದಾಗಿ ಮಾಡಿಸುವುದೇ ಆದರೆ ಚೆಂದದ್ದಿರಲಿ, ಹೂಬಳ್ಳಿ ಇರಲಿ, ರಸ್ತೆ ಕಾಣಲಿ. ಅಪ್ಪನ ದೃಷ್ಟಿಯಲ್ಲಿ ಬಳ್ಳಿ ದಂಡದ ಖರ್ಚು. ಅಮ್ಮನ ದೃಷ್ಟಿಯಲ್ಲಿ ತಗಡು ಗೋದಾಮಿನ ಬಾಗಿಲು. ಇಬ್ಬರೂ ಒಂದು ವಿಷಯವನ್ನು ಮಾತಿಲ್ಲದೆ ಒಪ್ಪಿದ್ದರು. ಕಾಯುವುದು ಒಂದು ಕೆಲಸ, ಚೆಂದ ಮಾಡುವುದು ಇನ್ನೊಂದು ಕೆಲಸ ಎಂದು.

ಅದನ್ನು ಒಪ್ಪದೆ ಇದ್ದವರು ಫ್ಯಾಬ್ರಿಕೇಷನ್ ಅಂಗಡಿಯ ಮೇಸ್ತ್ರಿ. ಅಳತೆ ಟೇಪು ಹಿಡಿದು ಬಂದವರು ಗೇಟಿನ ಕಡೆ ತಿರುಗಲೂ ಇಲ್ಲ. “ಮೊದ್ಲು ನಾಯಿ ಕರ್ಕೊಂಡ್ ಬನ್ನಿ ಮೇಡಂ. ಅಳತೆ ಅದಕ್ಕೆ ತಗೋಬೇಕು” ಎಂದರು. ಮರಿಯ ತಲೆಯ ಅಗಲ, ಭುಜದ ಎತ್ತರ, ಹಿಂಗಾಲ ಮೇಲೆ ನಿಂತರೆ ಮೂತಿ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಗುರುತು ಹಾಕಿಕೊಂಡರು. ಅಪ್ಪ ತಗಡಿನ ಮಾತೆತ್ತಿದಾಗ, “ಪೂರಾ ಶೀಟ್ ಬೇಡ ಸಾರ್. ಬಿಸಿಲಿಗೆ ಕಾಯುತ್ತೆ, ಗಾಳಿ ಹೊಡ್ದು ಹಿಂಜು ಇಳಿಯುತ್ತೆ. ಅದಕ್ಕೆ ಎಷ್ಟು ಬೇಕೋ ಅಷ್ಟು ಮುಚ್ಚಣ” ಎಂದರು. ಈ ‘ಎಷ್ಟು ಬೇಕೋ ಅಷ್ಟು’ ಎಂಬ ಮಾತಿಗೆ ಮುಂದೆ ಬರುತ್ತೇನೆ.

ಹದಿನೈದು ದಿನಕ್ಕೆ ತಯಾರಾದ ಗೇಟನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನೆಲಕ್ಕೆ ಒಂದು ಕಲ್ಲಿನ ಪಟ್ಟಿ ಹಾಸಿದ್ದಾರೆ. ಇಳಿಜಾರಿನ ಸಂದಿ ಅಲ್ಲಿಗೆ ಮುಚ್ಚಿತು. ಅಮ್ಮ ಅದನ್ನು ಹೊಸ್ತಿಲೆಂದು ಕರೆದು ರಂಗೋಲಿ ಎಳೆಯುತ್ತಾರೆ. ಅದರ ಮೇಲೆ ಎರಡಡಿಯವರೆಗೆ ಸರಳುಗಳು ಒತ್ತೊತ್ತಾಗಿವೆ. ಸರಳಿನಿಂದ ಸರಳಿಗೆ ಕಬ್ಬಿಣದ ಬಳ್ಳಿ ಹಬ್ಬಿದೆ, ಬಳ್ಳಿಯಲ್ಲಿ ತಗಡು ಕತ್ತರಿಸಿ ಮಾಡಿದ ಎಲೆಗಳಿವೆ. ಮೊದಲ ನೋಟಕ್ಕೆ ಎಲೆಗಳು ಮನಬಂದಂತೆ ಹರಡಿದ ಹಾಗೆ ಕಾಣುತ್ತವೆ. ಕೂತು ನೋಡಿದರೆ ಪ್ರತಿ ಎಲೆಯೂ ಒಂದು ಸಂದಿಯ ಮೇಲೆ ಕೂತಿದೆ. ಮರಿಯ ಮೂತಿ ತೂರಬಹುದಾದ ಜಾಗವೆಲ್ಲ ಎಲೆ. ತೂರಲಾಗದ ಜಾಗವೆಲ್ಲ ಖಾಲಿ. ಎರಡಡಿ ದಾಟಿದ ಮೇಲೆ ಎಲೆ ನಿಂತುಹೋಗುತ್ತದೆ, ಬಳ್ಳಿ ಮಾತ್ರ ದೊಡ್ಡ ಸುರುಳಿಗಳಾಗಿ ಮೇಲೇರುತ್ತದೆ. ಅಲ್ಲಿಂದ ರಸ್ತೆ ಕಾಣುತ್ತದೆ, ಗಾಳಿ ಬರುತ್ತದೆ. ಅಡ್ಡಪಟ್ಟಿಗಳನ್ನು ಒಳಬದಿಯಲ್ಲಿ ಕೊಟ್ಟಿಲ್ಲ. ಕೊಟ್ಟಿದ್ದರೆ ನಾಯಿಗೆ ಅದೇ ಏಣಿಯಾಗುತ್ತಿತ್ತು. ತುದಿಯಲ್ಲಿ ಈಟಿಯ ಬದಲು ದುಂಡನೆಯ ಪೈಪು ಹಾಯಿಸಿದ್ದಾರೆ. ಹಾರಲು ನೋಡುವ ನಾಯಿಯ ಹೊಟ್ಟೆ ಮೊದಲು ತಾಗುವುದು ಅಲ್ಲಿಗೆ.

ಈ ಗೇಟಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದರ ಹೂವುಗಳು. ಬಳ್ಳಿಯ ಸುರುಳಿ ಸರಳಿಗೆ ಬಂದು ಸೇರುವಲ್ಲಿ ಕೆಳಗೆ ಕಿರಿದಾಗುತ್ತಾ ಹೋಗುವ ಒಂದು ಮೂಲೆ ಹುಟ್ಟುತ್ತದೆ. ಇಂಥ ಮೂಲೆಯಲ್ಲಿ ನಾಯಿಯ ಪಂಜ ಮೇಲಿನಿಂದ ಇಳಿದರೆ ಬಿಗಿದುಕೊಳ್ಳುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಕೊರಳಪಟ್ಟಿ ಸಿಕ್ಕಿಕೊಂಡರೆ ಇನ್ನೂ ಅಪಾಯ. ಮೇಸ್ತ್ರಿ ಅಂಥ ಪ್ರತಿ ಮೂಲೆಗೂ ಐದೆಸಳಿನ ಒಂದು ಹೂವನ್ನು ಬೆಸುಗೆ ಹಾಕಿ, ಅಂಚುಗಳನ್ನು ಗ್ರೈಂಡರ್‌ನಲ್ಲಿ ನುಣುಪು ಮಾಡಿದ್ದರು. ನೋಡಿದವರು ಗೇಟಿನ ಹೂವುಗಳನ್ನು ಹೊಗಳುತ್ತಾರೆ. ಯಾವ ಹೂವನ್ನು ಕಿತ್ತರೂ ಅಲ್ಲೊಂದು ಉರುಲು ತೆರೆದುಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ.

*

ಈಗ ಅಲಂಕಾರದ ಮಾತು. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ, 850ರ ಸುಮಾರಿನ ‘ಕವಿರಾಜಮಾರ್ಗ’ ಅಲಂಕಾರಶಾಸ್ತ್ರದ ಗ್ರಂಥ. ಅದರ ಮೂರು ಪರಿಚ್ಛೇದಗಳಲ್ಲಿ ಎರಡು ಶಬ್ದಾಲಂಕಾರ ಮತ್ತು ಅರ್ಥಾಲಂಕಾರಗಳಿಗೆ ಮೀಸಲು. ಇಂಥ ಆರಂಭವಿರುವ ಸಾಹಿತ್ಯದಲ್ಲಿ ಇಂದು ‘ಅಲಂಕಾರಿಕ’ ಎಂಬುದು ಹೆಚ್ಚುಕಡಿಮೆ ಬೈಗುಳ. ನವ್ಯದ ಕಾಲದಲ್ಲಿ ಗೋಪಾಲಕೃಷ್ಣ ಅಡಿಗರು ಮತ್ತು ಅವರ ನಂತರದವರು ನವೋದಯದ ನುಣುಪು ಮಾತಿನ ಬಗ್ಗೆ ಬೇಸತ್ತದ್ದಕ್ಕೆ ಕಾರಣಗಳಿದ್ದವು. ಅದರ ಉಪಫಲವಾಗಿ ಅಲಂಕಾರವೆಂದರೆ ಮೇಲೆ ಅಂಟಿಸಿದ್ದು, ತೆಗೆದರೆ ಕವಿತೆಗೆ ನಷ್ಟವಿಲ್ಲದ್ದು ಎಂಬ ಗ್ರಹಿಕೆ ತರಗತಿಗಳಲ್ಲಿ ಗಟ್ಟಿಯಾಯಿತು. ಯುರೋಪಿನಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ ಅಲಂಕರಣವನ್ನು ಅಪರಾಧದ ಸಾಲಿಗೆ ಸೇರಿಸಿ ಮಾತಾಡಿದ್ದ. ನಮ್ಮಪ್ಪ ಲೂಸ್‌ನನ್ನು ಓದಿದವರಲ್ಲ, ಆದರೆ ತಗಡಿನ ಪಕ್ಷದ ಹಿಂದಿರುವುದು ಅದೇ ತರ್ಕ. ಅಮ್ಮನ ಬಳ್ಳಿಯೂ ಅದೇ ತರ್ಕದ ಇನ್ನೊಂದು ಮಗ್ಗುಲು. ಉಪಯೋಗಕ್ಕೆ ಸಂಬಂಧವಿಲ್ಲದ ಚೆಂದ ಎಂಬುದೊಂದಿದೆ ಎಂದು ಅದೂ ನಂಬುತ್ತದೆ.

ಆನಂದ ಕುಮಾರಸ್ವಾಮಿಯವರು 1939ರ ಒಂದು ಲೇಖನದಲ್ಲಿ ಈ ತರ್ಕದ ಬುಡಕ್ಕೆ ಕೈಹಾಕಿದರು. ಅಲಂಕರಣವನ್ನು ಸೂಚಿಸುವ ಪದಗಳು ಹಳೆಯ ಭಾಷೆಗಳಲ್ಲಿ ಮೊದಲಿಗೆ ಸೊಗಸನ್ನು ಹೇಳುತ್ತಿರಲಿಲ್ಲ, ಒಂದು ವಸ್ತು ತನ್ನ ಕೆಲಸಕ್ಕೆ ಸಜ್ಜಾಗಿರುವುದನ್ನು ಹೇಳುತ್ತಿದ್ದವು ಎಂಬುದು ಅವರ ವಾದ. ಸಂಸ್ಕೃತದ ‘ಅಲಂ’ ಎಂದರೆ ಸಾಕು, ಸಾಕಷ್ಟು. ಅಲಂಕರಿಸುವುದೆಂದರೆ ಸಾಕಾಗುವಂತೆ ಮಾಡುವುದು, ಕೊರತೆಯನ್ನು ತುಂಬುವುದು. ಈ ಅರ್ಥವನ್ನು ಕನ್ನಡದಲ್ಲಿ ಹೇಳುವಾಗ ಒಂದು ಸೋಜಿಗ ಎದುರಾಗುತ್ತದೆ. ನಮ್ಮಲ್ಲಿ ‘ಸಾಕು’ ಎಂದರೆ ಇಷ್ಟು ಸಾಲುತ್ತದೆ ಎಂದೂ ಆಗುತ್ತದೆ, ಪಾಲಿಸು, ಪೋಷಿಸು ಎಂದೂ ಆಗುತ್ತದೆ. ಸಾಕುನಾಯಿಯ ಸಾಕು ಎರಡನೆಯದು. ಇವೆರಡೂ ಒಂದೇ ಬೇರಿನವು ಎಂದು ನಾನು ವಾದಿಸುತ್ತಿಲ್ಲ, ಕಿವಿಗೆ ಬೀಳುವ ಹೋಲಿಕೆಯನ್ನಷ್ಟೇ ಹೇಳುತ್ತಿದ್ದೇನೆ. ಆದರೆ ಸಾಕುವವರಿಗೆ ಈ ಹೋಲಿಕೆ ಅನುಭವದಿಂದ ಗೊತ್ತು. ಸಾಕುವುದೆಂದರೆ ದಿನವೂ ಎಷ್ಟು ಸಾಕು ಎಂದು ಅಳೆಯುವುದೇ: ಎಷ್ಟು ಅನ್ನ, ಎಷ್ಟು ಹಗ್ಗ, ಎಷ್ಟು ಸಂದಿ. ಮೇಸ್ತ್ರಿಯ ‘ಎಷ್ಟು ಬೇಕೋ ಅಷ್ಟು’ ಎಂಬುದು ಅಲಂ ಎಂಬುದಕ್ಕೆ ನಾನು ಕೇಳಿದ ಒಳ್ಳೆಯ ಕನ್ನಡ ಅನುವಾದ.

ಹಾಗಾದರೆ ಅಲಂಕಾರವನ್ನು ಬಳೆಗೆ ಹೋಲಿಸಿದ ಆನಂದವರ್ಧನನನ್ನು ಏನು ಮಾಡುವುದು? ಒಂಬತ್ತನೆಯ ಶತಮಾನದ ಈ ಕಾಶ್ಮೀರಿ ಮೀಮಾಂಸಕ ‘ಧ್ವನ್ಯಾಲೋಕ’ದ ಎರಡನೆಯ ಉದ್ದ್ಯೋತದಲ್ಲಿ, ಗುಣಗಳು ರಸವನ್ನು ಆಶ್ರಯಿಸಿದರೆ ಅಲಂಕಾರಗಳು ಕಟಕ ಮೊದಲಾದ ಒಡವೆಗಳಂತೆ ಅಂಗವನ್ನು ಆಶ್ರಯಿಸುತ್ತವೆ ಎನ್ನುತ್ತಾನೆ. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅಲಂಕಾರ ಹೊರಗಿನದು ಎಂಬುದಕ್ಕೆ ಅವನೇ ಸಾಕ್ಷಿಯಾಗಿಬಿಡುತ್ತಾನೆ. ಆದರೆ ಅದೇ ಉದ್ದ್ಯೋತದಲ್ಲಿ ಮುಂದೆ ಹೋದರೆ ‘ಅಪೃಥಗ್ಯತ್ನನಿರ್ವರ್ತ್ಯ’ ಎಂಬ ಗಡುಸು ಪದ ಸಿಗುತ್ತದೆ. ಬೇರೆ ಪ್ರಯತ್ನವಿಲ್ಲದೆ ನೆರವೇರುವುದು ಎಂದರ್ಥ. ಕವಿ ರಸದಲ್ಲಿ ತೊಡಗಿರುವಾಗ ಅದೇ ಪ್ರಯತ್ನದಲ್ಲಿ, ಇನ್ನೊಂದು ಪ್ರಯತ್ನವನ್ನು ಕೇಳದೆ ಯಾವ ಅಲಂಕಾರ ಸಿದ್ಧಿಸುತ್ತದೋ ಅದು ಧ್ವನಿಕಾವ್ಯಕ್ಕೆ ಸಲ್ಲುವ ಅಲಂಕಾರ. ಪದ್ಯ ಬರೆದು ಮುಗಿಸಿ, ಆಮೇಲೆ ಯಮಕಕ್ಕಾಗಿ ತಿಣುಕುವುದನ್ನು ಅವನು ಒಪ್ಪುವುದಿಲ್ಲ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನೂ ಕೆ. ಕೃಷ್ಣಮೂರ್ತಿಯವರ ಕನ್ನಡ ಧ್ವನ್ಯಾಲೋಕವನ್ನೂ ಓದುತ್ತಾ ಈ ಪರಿಕಲ್ಪನೆಯನ್ನು ನಾನು ಟಿಪ್ಪಣಿಗಳಲ್ಲಿ ಹಲವು ಸಲ ಬರೆದುಕೊಂಡಿದ್ದೇನೆ. ಅದು ಕಣ್ಣೆದುರು ನಿಂತದ್ದು ಗೇಟಿನ ಹೂವಿನಲ್ಲಿ. ಉರುಲನ್ನು ಮುಚ್ಚುವುದು ಒಂದು ಕೆಲಸ, ಹೂವಿಡುವುದು ಇನ್ನೊಂದು ಕೆಲಸ ಆಗಿರಲಿಲ್ಲ. ಒಂದೇ ಬೆಸುಗೆಯಲ್ಲಿ ಎರಡೂ ಮುಗಿದವು.

ಆನಂದವರ್ಧನ ಇನ್ನೂ ಕೆಲವು ವಿವೇಕದ ಮಾತುಗಳನ್ನು ಸೇರಿಸುತ್ತಾನೆ. ಅಲಂಕಾರವನ್ನು ಸಕಾಲದಲ್ಲಿ ಹಿಡಿಯಬೇಕು, ಸಕಾಲದಲ್ಲಿ ಬಿಡಬೇಕು, ಹಿಡಿದದ್ದನ್ನು ಕೊನೆಯವರೆಗೂ ಎಳೆಯುವ ಹಟ ಕೂಡದು. ಎರಡಡಿಗೆ ನಿಂತುಹೋದ ಎಲೆಗಳನ್ನು ಇದಕ್ಕೆ ಹೊಂದಿಸಿ ನೋಡಬಹುದು. ಅಲ್ಲಿಂದ ಮೇಲಕ್ಕೆ ನಾಯಿಗೆ ಎಲೆಯ ಅಗತ್ಯವಿಲ್ಲ, ಆದ್ದರಿಂದ ಎಲೆ ಇಲ್ಲ. ಬಳ್ಳಿ ಖಾಲಿಯಾಗುತ್ತಾ ಮೇಲೇರುವ ಆ ಭಾಗವೇ ಗೇಟಿನ ಒಟ್ಟು ವಿನ್ಯಾಸಕ್ಕೆ ಉಸಿರು ಕೊಟ್ಟಿದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಬರೆಯುವಾಗ, ಕೊರಳಿಗೆ ಡಾಬು, ಸೊಂಟಕ್ಕೆ ಹಾರ ಹಾಕಿಕೊಂಡವರನ್ನು ನೋಡಿ ಯಾರು ನಗುವುದಿಲ್ಲ ಎಂದು ಕೇಳುತ್ತಾನೆ. ಕೋಟೆಯ ಬಾಗಿಲಿಗೆ ಸಲ್ಲುವ ಈಟಿಮೊನೆಗಳನ್ನು ನಾಯಿಮರಿ ಇರುವ ಕೈತೋಟದ ಗೇಟಿಗೆ ಹಾಕುವುದು ಅಂಥದೇ. ಒಂದು ವ್ಯತ್ಯಾಸ ಮಾತ್ರ ಇದೆ: ಅಸ್ಥಾನದ ಹಾರವನ್ನು ನೋಡಿ ನಗಬಹುದು, ಅಸ್ಥಾನದ ಈಟಿ ಹೊಟ್ಟೆಗೆ ಚುಚ್ಚುತ್ತದೆ. ಔಚಿತ್ಯ ಬರೀ ರುಚಿಯ ಪ್ರಶ್ನೆ ಅಲ್ಲ ಎಂಬುದು ಕವಿತೆಗಿಂತ ಗೇಟಿನಲ್ಲಿ ಬೇಗ ಗೊತ್ತಾಗುತ್ತದೆ.

ಇದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು ನೋಡಿದವರು ನೆನಪಿಸಿಕೊಳ್ಳಬಹುದು. ಕಲ್ಲಿನ ಫಲಕವನ್ನು ಕೊರೆದು ತೂತು ಮಾಡಿದ ಆ ಕಿಟಕಿಗಳಲ್ಲಿ ಕೆಲವು ಬರೀ ನಕ್ಷತ್ರಾಕಾರದ ರಂಧ್ರಗಳು, ಕೆಲವು ಪುರಾಣದ ಚಿತ್ರಗಳಿರುವಂಥವು. ಒಳಗೆ ಬೆಳಕು ಮತ್ತು ಗಾಳಿ ಬರಬೇಕು, ಆದರೆ ಬಾಯಿಬಿಟ್ಟ ಕಿಟಕಿಯಾಗಬಾರದು. ಅಲ್ಲಿ ರಂಧ್ರವನ್ನು ಒಂದು ಕಡೆ, ಕೆತ್ತನೆಯನ್ನು ಇನ್ನೊಂದು ಕಡೆ ಇಟ್ಟು ನೋಡಲು ಸಾಧ್ಯವಿಲ್ಲ. ಕೊರೆದಾಗ ಹುಟ್ಟಿದ್ದೇ ಎರಡೂ. ಫ್ಯಾಬ್ರಿಕೇಷನ್ ಮೇಸ್ತ್ರಿಯನ್ನು ಹೊಯ್ಸಳ ಶಿಲ್ಪಿಯ ಪಕ್ಕ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಇಬ್ಬರೂ ಬಿಡಿಸಿದ ಲೆಕ್ಕ ಒಂದೇ ಜಾತಿಯದು: ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು.

*

ಈಗ ನಮ್ಮ ಬಡಾವಣೆಗಳ ಉಳಿದ ಗೇಟುಗಳನ್ನು ನೋಡಿ. ಕಂಪ್ಯೂಟರಿನಲ್ಲಿ ವಿನ್ಯಾಸ ಹಾಕಿ ಯಂತ್ರದಲ್ಲಿ ಕತ್ತರಿಸಿದ ತಗಡುಗಳು ಬಂದ ಮೇಲೆ ನವಿಲು, ಆನೆ, ಕಮಲ, ಬಿದಿರು ಎಲ್ಲವೂ ಚದರಡಿ ಲೆಕ್ಕದಲ್ಲಿ ಸಿಗುತ್ತವೆ. ಅವುಗಳ ಬಗ್ಗೆ ನನಗೆ ತಿರಸ್ಕಾರವಿಲ್ಲ, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಅವು ರಸ್ತೆಯ ಕಡೆಗೆ ಮುಖ ಮಾಡಿದ ಅಲಂಕಾರಗಳು. ನವಿಲಿನ ಗರಿಯ ನಡುವೆ ಎಷ್ಟು ಜಾಗ ಬಿಡಬೇಕೆಂಬುದನ್ನು ತೀರ್ಮಾನಿಸಿದ್ದು ಗರಿಯ ಚೆಂದ. ಒಳಗಿರುವವರ ತಲೆಯ ಅಳತೆ ಅಲ್ಲಿ ಲೆಕ್ಕಕ್ಕೆ ಬಂದಿಲ್ಲ. ಇಂಥ ಗೇಟಿಗೆ ನಾಯಿ ಬಂದ ಮೇಲೆ ಒಳಗಿನಿಂದ ಕೋಳಿಬಲೆ ಕಟ್ಟುತ್ತಾರೆ. ಹೊರಗೆ ನವಿಲು, ಒಳಗೆ ತಂತಿ. ಎರಡು ಪ್ರತ್ಯೇಕ ಯತ್ನಗಳು, ಎರಡೂ ಅರ್ಧಂಬರ್ಧ.

ನಮ್ಮ ವಿಮರ್ಶೆಯೂ ಬಹಳಷ್ಟು ಸಲ ಗೇಟನ್ನು ರಸ್ತೆಯಲ್ಲಿ ನಿಂತು ನೋಡುತ್ತದೆ ಎಂದು ನನಗನಿಸುತ್ತದೆ. ಕವಿತೆಯ ರೂಪಕ ತಾಜಾ ಆಗಿದೆಯೇ, ಪ್ರತಿಮೆ ಬೆರಗು ಹುಟ್ಟಿಸುತ್ತದೆಯೇ ಎಂದು ಕೇಳುತ್ತೇವೆ. ಆ ಪ್ರತಿಮೆ ಕವಿತೆಯೊಳಗಿನ ಯಾವ ಜೀವವನ್ನು ಹಿಡಿದು ನಿಲ್ಲಿಸಿದೆ, ಅದನ್ನು ಕಿತ್ತರೆ ಯಾವುದು ಹೊರಗೆ ಓಡಿಹೋಗಿ ಸಾಯುತ್ತದೆ ಎಂದು ಕೇಳುವುದು ಕಡಿಮೆ. ರೂಪಕವಿಲ್ಲದ ಕವಿತೆಯನ್ನು ಪ್ರಾಮಾಣಿಕ ಎಂದು ಹೊಗಳುವವರೂ, ರೂಪಕಗಳ ಜಾತ್ರೆಯನ್ನು ಪ್ರತಿಭೆ ಎಂದು ಹೊಗಳುವವರೂ ನಿಂತಿರುವುದು ಒಂದೇ ರಸ್ತೆಯಲ್ಲಿ. ನನ್ನ ಪ್ರಬಂಧದ ಅಧ್ಯಾಯವೊಂದರಲ್ಲಿ ಈಗ ಒಂದು ಸರಳ ಪರೀಕ್ಷೆಯನ್ನು ಬಳಸುತ್ತಿದ್ದೇನೆ. ಅಲಂಕಾರವೊಂದನ್ನು ತೆಗೆದು ಪದ್ಯವನ್ನು ಮತ್ತೆ ಓದುವುದು. ಸೊಗಸು ಕಡಿಮೆಯಾಯಿತು ಎಂಬುದು ಸಾಕಾಗುವ ಉತ್ತರವಲ್ಲ. ಎಲ್ಲಿ ಸಂದಿ ಬಿತ್ತು, ಅದರಲ್ಲಿ ಏನು ತೂರಿಹೋಯಿತು ಎಂದು ತೋರಿಸಲು ಸಾಧ್ಯವಾದರೆ ಅದು ಅಲಂಕಾರ. ಇಲ್ಲವಾದರೆ ಚದರಡಿ ಲೆಕ್ಕದ ನವಿಲು.

ಈ ಓದಿಗೆ ಒಂದು ಆಕ್ಷೇಪವಿದೆ, ಅದನ್ನು ನಾನೇ ಎತ್ತಬೇಕು. ಎಷ್ಟು ಚೆನ್ನಾಗಿ ಮಾಡಿದರೂ ಗೇಟು ಗೇಟೇ. ಅದು ಒಂದು ನಾಯಿಯನ್ನು ಒಳಗಿಡುವಾಗ ಉಳಿದ ನಾಯಿಗಳನ್ನು ಹೊರಗಿಡುತ್ತದೆ. ಚಿಕ್ಕಿಯ ಒಡಹುಟ್ಟಿದ ಮರಿಗಳು ಅದೇ ರಸ್ತೆಯಲ್ಲಿ ಟಿಪ್ಪರ್‌ಗಳ ನಡುವೆ ಬೆಳೆದವು, ಎಲ್ಲವೂ ಬೆಳೆಯಲಿಲ್ಲ. ಒಳಗಿನದಕ್ಕೆ ಹೆಸರು, ಲಸಿಕೆ, ತಲೆಯ ಅಳತೆ. ಹೊರಗಿನದಕ್ಕೆ ‘ಬೀದಿನಾಯಿ’ ಎಂಬ ಸಾಮೂಹಿಕ ನಾಮ. ಗೇಟುಗಳಿಗೆ ಮನುಷ್ಯರನ್ನು ಹೊರಗಿಟ್ಟ ಇತಿಹಾಸವೂ ಇದೆ. ಗುತ್ತಿ ಯಾವ ಯಾವ ಅಂಗಳಗಳ ಅಂಚಿನಲ್ಲಿ ನಿಲ್ಲಬೇಕಾಗಿತ್ತು ಎಂಬುದನ್ನು ಮರೆತು ಹುಲಿಯನ ಬಗ್ಗೆ ಮಾತ್ರ ಕಣ್ಣೀರು ಹಾಕುವುದು ಕಾದಂಬರಿಯನ್ನು ಅರ್ಧ ಓದಿದ ಹಾಗೆ. ಬಳ್ಳಿಯ ಎಲೆಗಳನ್ನು ಹೊಗಳುವಾಗ ಈ ಮಾತುಗಳನ್ನು ಪಕ್ಕಕ್ಕಿಟ್ಟರೆ ನನ್ನ ಓದೂ ರಸ್ತೆಯ ಕಡೆಯ ಅಲಂಕಾರವಾಗುತ್ತದೆ.

ಈ ಆಕ್ಷೇಪಕ್ಕೆ ಗೇಟಿನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಅ‍ಳೆಯುವ ಕ್ರಮವೊಂದನ್ನು ಅದು ಕಲಿಸುತ್ತದೆ. ಯಾವುದನ್ನು ಕಾಯಬೇಕೋ ಅದರ ಮೈಯಿಂದ ಅಳತೆ ತೆಗೆದುಕೊಳ್ಳುವ ಕ್ರಮ. ನಾಯಿಜಾತಿಯ ಬಗ್ಗೆ ಪ್ರೀತಿ ಇದ್ದವರು ಬಹಳ, ಒಂದು ನಾಯಿಯ ತಲೆ ಎಷ್ಟು ಅಗಲ ಎಂದು ಕೇಳುವವರು ಕಡಿಮೆ. ಧರ್ಮರಾಯ ನಾಯಿಗಳ ಹಕ್ಕಿನ ಬಗ್ಗೆ ಭಾಷಣ ಮಾಡಲಿಲ್ಲ, ಹಿಂದೆ ಬಂದ ಆ ಒಂದು ನಾಯಿಯನ್ನು ಬಿಡಲಿಲ್ಲ. ಆತಕೂರಿನ ಶಾಸನವೂ ‘ಒಂದು ಬೇಟೆನಾಯಿ’ ಎಂದು ಬರೆದು ಮುಗಿಸಲಿಲ್ಲ, ಕಾಳಿ ಎಂದು ಬರೆಯಿತು. ಹೆಸರು, ಅಳತೆ, ಎಷ್ಟು ಬೇಕೋ ಅಷ್ಟು ಎಂಬ ವಿವೇಕ, ಈ ಮೂರೂ ಇದ್ದಲ್ಲಿ ಅಲಂಕಾರ ಹೊರಗಿನಿಂದ ಬರಬೇಕಾಗಿಲ್ಲ. ಅಲಂಕಾರಶಾಸ್ತ್ರವನ್ನು ತರಗತಿಯಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಪಟ್ಟಿಯಾಗಿ ಕಲಿತು ಬೇಸತ್ತಿರುವ ನನ್ನ ಕಿರಿಯ ಗೆಳೆಯರಿಗೆ ಒಂದು ಸಲಹೆ ಕೊಡಬಹುದಾದರೆ ಅದು ಇಷ್ಟೇ: ಮುಂದಿನ ಸಲ ಯಾವುದಾದರೂ ಚೆಂದದ ಗೇಟು ಕಂಡರೆ ಒಂದು ನಿಮಿಷ ಬಗ್ಗಿ, ನಾಯಿಯ ಎತ್ತರದಿಂದ ಅದನ್ನು ನೋಡಿ. ಆಮೇಲೆ ಅದೇ ಎತ್ತರದಿಂದ ಒಂದು ಪದ್ಯವನ್ನು ಓದಿ.